ಲಿಫ್ಟಮ್ಮನ ಗಾಡಿಯಿಂದ ಕಳುವಾದದ್ದು

ದೊಡ್ಡಾಸ್ಪತ್ರೆಯ ಒಂಬತ್ತು ಲಿಫ್ಟುಗಳನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಅಲ್ಲಿನವರೆಲ್ಲ ಲಿಫ್ಟಮ್ಮ ಎನ್ನುತ್ತಿದ್ದರು. ಎದುರಿಗೆ ಮಾತ್ರ ಮೇಡಂ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ನೆಲಮಾಳಿಗೆಯ ಲಾಂಡ್ರಿಯಿಂದ ಹಿಡಿದು ಏಳನೆಯ ಮಹಡಿಯ ವಾರ್ಡಿನವರೆಗೆ ಗೊತ್ತಿದ್ದ ಸಂಗತಿ. ಮುಚ್ಚುತ್ತಿದ್ದ ಬಾಗಿಲಿಗೆ ದಿನವೂ ಕಾಲು ಅಡ್ಡ ಹಾಕುತ್ತಿದ್ದ ಮೂಳೆ ವೈದ್ಯರೊಬ್ಬರಿಗೆ ಒಮ್ಮೆ ಅವಳು, "ಮುರಿದ ಕಾಲು ಜೋಡಿಸೋದು ನಿಮ್ಮ ಕೆಲಸ ಸಾರ್, ಮುರಿದ ಬಾಗಿಲು ಜೋಡಿಸೋದು ನಂದು. ನಾನು ನಿಮ್ಮ ಕೆಲಸಕ್ಕೆ ಕೈ ಹಾಕಲ್ಲ, ನೀವು ನನ್ನ ಕೆಲಸಕ್ಕೆ ಕಾಲು ಹಾಕ್ಬೇಡಿ" ಎಂದಿದ್ದಳು. ವೈದ್ಯರು ಅಂದಿನಿಂದ ಮೆಟ್ಟಿಲು ಹತ್ತತೊಡಗಿದರು. ಆರೋಗ್ಯಕ್ಕೂ ಒಳ್ಳೆಯದಾಯಿತು ಎಂದು ಆಮೇಲೆ ಅವರೇ ಹೇಳಿಕೊಂಡರಂತೆ.

ಆದರೆ ಅವಳ ಕೋಪಕ್ಕೆ ಒಂದು ಲೆಕ್ಕಾಚಾರವಿತ್ತು. ಯಂತ್ರ ಕೆಟ್ಟರೆ ಅವಳು ಸಿಟ್ಟಾಗುತ್ತಿರಲಿಲ್ಲ. ಯಂತ್ರ ಕೆಡುವುದು ಸಹಜ. ಕೆಟ್ಟಿದ್ದನ್ನು ಸರಿಯಿದೆ ಎಂದು ಯಾರಾದರೂ ಹೇಳಿದರೆ ಮಾತ್ರ ಅವಳ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಅವಳು ಬಿಗಿ ಮಾಡಿದ ಪ್ರತಿಯೊಂದು ನಟ್ಟಿನ ಮೇಲೂ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತಿದ್ದಳು. ಅರ್ಧ ಗೆರೆ ನಟ್ಟಿನ ಮೇಲೆ, ಇನ್ನರ್ಧ ಅದರ ಕೆಳಗಿನ ಕಬ್ಬಿಣದ ಮೇಲೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಆಗ ಯಾರನ್ನೂ ಕೇಳುವ ಅಗತ್ಯವಿರುವುದಿಲ್ಲ.

ಅವಳ ಕಾರಿನ ಕತೆ ಶುರುವಾದದ್ದೂ ಆಸ್ಪತ್ರೆಯಲ್ಲೇ. ಹಿಂದಿನ ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಟಾರ್ಪಾಲಿನಡಿ ಒಂದು ಗಾಡಿ ನಾಲ್ಕು ವರ್ಷದಿಂದ ಅನಾಥವಾಗಿ ಬಿದ್ದಿತ್ತು. ರಕ್ತ ಪರೀಕ್ಷೆಯ ವಿಭಾಗದಲ್ಲಿದ್ದವರೊಬ್ಬರು ಬೇರೆಲ್ಲೋ ಕೆಲಸ ಸಿಕ್ಕಿ ಹೋಗುವಾಗ ಬಿಟ್ಟುಹೋಗಿದ್ದರು. ಲಿಫ್ಟಮ್ಮ ಒಂದು ಮಧ್ಯಾಹ್ನ ಟಾರ್ಪಾಲಿನ ಅಂಚು ಎತ್ತಿ ನೋಡಿದಳು. ಜಪಾನಿನ ಎರಡು ಸೀಟಿನ ಪುಟ್ಟ ಗಾಡಿ. ತಲೆಯ ಮೇಲೆ ಮಡಚಿ ಸರಿಸುವ ಬಟ್ಟೆಯ ಮಾಡು, ಒಂದು ಪಾಯಿಂಟ್ ಆರು ಲೀಟರಿನ ಎಂಜಿನ್, ಬೇಕೆಂದಾಗ ಕಣ್ಣು ಬಿಟ್ಟು ಬೇಡವಾದಾಗ ಮುಚ್ಚಿಕೊಳ್ಳುವ ದೀಪಗಳು. ಹಿಂದಿನ ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ. ಎತ್ತರ ಎಷ್ಟು ಕಡಿಮೆಯೆಂದರೆ ಪಕ್ಕದಲ್ಲಿ ನಿಂತವಳ ಸೊಂಟಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಒಂದು ಹಳೇ ಫ್ರಿಡ್ಜಿಗೆ ಕೊಡುವಷ್ಟು ಕೊಟ್ಟು ಅವಳು ಅದನ್ನು ಮನೆಗೆ ಎಳೆಸಿಕೊಂಡು ಹೋದಳು. ಆಗ ಅವಳಿಗೆ ಮೂವತ್ತನಾಲ್ಕು.

"ಮದುವೆ ಆಗಿದ್ರೆ ಈ ಹುಚ್ಚು ಇರ್ತಿರ್ಲಿಲ್ಲ" ಎಂದಳು ಅವಳ ತಾಯಿ.

"ಇರ್ತಿತ್ತು, ಜೊತೆಗೆ ಗಂಡನೂ ಇರ್ತಿದ್ದ. ಒಂದು ಸಾಲ್ದಾ?" ಎಂದಳು ಮಗಳು.

ಗಾಡಿಯ ನಿಜವಾದ ರೋಗ ಎಂಜಿನ್ನಿನಲ್ಲಿರಲಿಲ್ಲ. ಜಪಾನಿನವರು ಆ ಎಂಜಿನ್ನನ್ನು ಬಡಿದರೂ ಸಾಯದ ಹಾಗೆ ಮಾಡಿದ್ದರು. ರೋಗವಿದ್ದದ್ದು ಬಾಗಿಲಿನ ಕೆಳಗಿನ ತಗಡಿನಲ್ಲಿ. ಬಟ್ಟೆಯ ಮಾಡಿನ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ಎರಡು ಸಣ್ಣ ತೂತುಗಳಿಂದ ಇಳಿದು ಹೋಗಬೇಕು. ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ, ಹೊರಗಿನ ಬಣ್ಣ ಮಾತ್ರ ಏನೂ ಆಗದವರ ಹಾಗೆ ಹೊಳೆಯುತ್ತಿರುತ್ತದೆ. ಅವಳು ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಅದು ಬಿಸ್ಕತ್ತಿನಲ್ಲಿ ಹೋದ ಹಾಗೆ ಒಳಗೆ ಹೋಯಿತು. ಆ ತಗಡು ಕೊಯ್ದು ಹೊಸದು ಬೆಸೆಯಲು ಒಂದು ಇಡೀ ವರ್ಷದ ಭಾನುವಾರಗಳು ಬೇಕಾದವು. ಬೆಸುಗೆ ಕಲಿತದ್ದೂ ಅದಕ್ಕಾಗಿಯೇ. ಮೇಲುಗಡೆ ಕಂದು ಬಣ್ಣಕ್ಕೆ ತಿರುಗಿದ್ದ ರೇಡಿಯೇಟರ್ ಇನ್ನೇನು ಸೀಳುತ್ತದೆಂದು ಬದಲಾಯಿಸಿದಳು. ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಚಳಿಯಲ್ಲಿ ಮಡಚಿದರೆ ಬಿರಿಯುತ್ತದೆಂದು, ಮಾಡು ತೆಗೆಯುವ ಮೊದಲು ಎರಡು ನಿಮಿಷ ಅಂಗೈಯಿಂದ ಒರೆಸಿ ಬೆಚ್ಚಗೆ ಮಾಡುವುದನ್ನು ಅಭ್ಯಾಸ ಮಾಡಿಕೊಂಡಳು.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಡಿಫರೆನ್ಷಿಯಲ್. ಎರಡು ಹಿಂಚಕ್ರಗಳ ನಡುವೆ ಕುಳಿತು ಎಂಜಿನ್ನಿನ ಬಲವನ್ನು ಎರಡಕ್ಕೂ ಹಂಚುವ ಗೇರಿನ ಗುಂಡು ಅದು. ಸಾಮಾನ್ಯ ಗಾಡಿಯಲ್ಲಿ ಅದಕ್ಕೆ ಬುದ್ಧಿ ಕಡಿಮೆ. ತಿರುವಿನಲ್ಲಿ ಒಂದು ಚಕ್ರ ನೆಲದ ಹಿಡಿತ ಕಳೆದುಕೊಂಡರೆ ಬಲವೆಲ್ಲ ಆ ಸೋಮಾರಿ ಚಕ್ರಕ್ಕೇ ಹರಿದುಹೋಗುತ್ತದೆ. ಇನ್ನೊಂದು ಜಾತಿಯದ್ದಿದೆ, ಹಿಡಿತವಿರುವ ಚಕ್ರಕ್ಕೆ ಬಲ ಕೊಡುವಂಥದ್ದು. ಅದು ಅದೇ ಕಂಪನಿಯ ಆಮೇಲಿನ, ಒಂದು ಪಾಯಿಂಟ್ ಎಂಟು ಲೀಟರಿನ ಗಾಡಿಗಳಲ್ಲಿ ಕೆಲವಕ್ಕೆ ಮಾತ್ರ ಬರುತ್ತಿತ್ತು. ಅವಳು ಮೂರು ವರ್ಷ ಗುಜರಿ ಅಂಗಡಿಗಳನ್ನು ಸುತ್ತಿದಳು. ಕೊನೆಗೆ ಮುಂಭಾಗ ಜಜ್ಜಿಹೋಗಿದ್ದ ಒಂದು ಗಾಡಿಯ ಕೆಳಗೆ ಕೆಸರಿನಲ್ಲಿ ಅಂಗಾತ ಮಲಗಿ, ಅದನ್ನೂ ಅದರ ಜೊತೆಯ ಉದ್ದನೆಯ ಶಾಫ್ಟುಗಳನ್ನೂ ತಾನೇ ಬಿಚ್ಚಿ ತಂದಳು. ತನ್ನ ಗಾಡಿಗೆ ಕೂರಿಸಿ ಪ್ರತಿ ನಟ್ಟಿಗೂ ಹಳದಿ ಗೆರೆ ಎಳೆದ ದಿನ, ಜೀವಮಾನದಲ್ಲಿ ಮೊದಲ ಸಲ ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ ಗಾಡಿ ಓಡಿಸಿದಳು.

ಅವಳ ತಮ್ಮ ವಿಮಾ ಕಚೇರಿಯಲ್ಲಿ ಮ್ಯಾನೇಜರ್. ಅವಳಿಗಿಂತ ಆರು ವರ್ಷ ಚಿಕ್ಕವನು, ಇಸ್ತ್ರಿ ಮುರಿಯದ ಅಂಗಿಯವನು. ಅಕ್ಕನ ಗಾಡಿಯನ್ನು ಸೋಪಿನ ಡಬ್ಬಿ ಎಂದು ಹೀಯಾಳಿಸುತ್ತಿದ್ದವನು ಒಂದು ದಿನ ಅದೇ ಕಂಪನಿಯ ಆಮೇಲಿನ ಮಾದರಿ ಕೊಂಡು ತಂದ, ಸಾಮಾನ್ಯ ಡಿಫರೆನ್ಷಿಯಲ್ಲಿನದ್ದು. ಅಂದಿನಿಂದ ಅಮ್ಮನ ಮನೆಯ ಊಟದ ಮೇಜಿನಲ್ಲಿ ಬೇರೆ ಮಾತೇ ಇಲ್ಲ.

"ನಂದು ಒಂದು ಪಾಯಿಂಟ್ ಎಂಟು ಲೀಟರ್ ಅಕ್ಕ. ಹಿಂದಿನ ಕಿಟಕಿ ಗಾಜಿಂದು. ದೀಪ ಮೇಲೆದ್ದು ಬರೋ ತಾಪತ್ರಯ ಇಲ್ಲ."

"ದೀಪ ಮೇಲೆದ್ದು ಬರೋದು ತಾಪತ್ರಯ ಅಲ್ಲ, ಅದು ಮರ್ಯಾದೆ. ನಿಂದು ನೂರು ಕಿಲೋ ಜಾಸ್ತಿ ತೂಕ, ಅದನ್ನೂ ಹೇಳು."

"ಅದು ನನ್ನನ್ನೂ ಸೇರಿಸಿ" ಎನ್ನುತ್ತಿದ್ದ ಅವನು ಹೊಟ್ಟೆ ತಟ್ಟಿಕೊಂಡು. ಅಮ್ಮ ನಗುತ್ತಿದ್ದಳು. ಆ ದಿನಗಳು ಚೆನ್ನಾಗಿಯೇ ಇದ್ದವು.

ಊರಾಚೆ ಮುಚ್ಚಿಹೋದ ಒಂದು ವಿಮಾನ ನಿಲ್ದಾಣವಿತ್ತು. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಅಲ್ಲಿ ಕಡಿಮೆ ಬೆಲೆಯ ಜಪಾನ್ ಸ್ಪೋರ್ಟ್ಸ್ ಕಾರುಗಳ ಒಂದು ಕ್ಲಬ್ಬು ಸೇರುತ್ತಿತ್ತು. ಡಾಂಬರಿನ ಮೇಲೆ ಕಿತ್ತಳೆ ಶಂಕುಗಳನ್ನಿಟ್ಟು ದಾರಿ ಮಾಡಿ, ಒಬ್ಬೊಬ್ಬರಾಗಿ ಓಡಿಸಿ, ಗಡಿಯಾರ ಹಿಡಿಯುವುದು. ಒಬ್ಬರ ಬಳಿ ಎಂಜಿನ್ ನಿಮಿಷಕ್ಕೆ ಎಂಟು ಸಾವಿರ ಸುತ್ತು ಮುಟ್ಟಿದರಷ್ಟೇ ಬಾಯಿಬಿಡುವ, ಮುಂಚಕ್ರಗಳಿಂದ ಎಳೆಯುವ ಗಾಡಿ. ಇನ್ನೊಬ್ಬರ ಬಳಿ ಟರ್ಬೊ ಕೂರಿಸಿದ್ದು, ನೆಟ್ಟಗಿನ ದಾರಿಯಲ್ಲಿ ಗುಂಡಿನಂತೆ ಹೋಗಿ ತಿರುವಿನಲ್ಲಿ ಶಂಕುಗಳನ್ನು ಗುಡಿಸಿಕೊಂಡು ಬರುವಂಥದ್ದು. ಮತ್ತೊಬ್ಬರದು ಎಂಜಿನ್ ಅಡ್ಡಡ್ಡ ಮಲಗಿರುವ ಹೊಸ ಕೂಪೆ, ಚೆಂದದ ಗಾಡಿ, ಆದರೆ ಗೀಚಿಹೋದೀತೆಂದು ಅವರು ಅದನ್ನು ಓಡಿಸುವುದಕ್ಕಿಂತ ಒರೆಸಿದ್ದೇ ಹೆಚ್ಚು. ಎಲ್ಲರಿಗಿಂತ ಕಡಿಮೆ ಬಲದ ಗಾಡಿ ಲಿಫ್ಟಮ್ಮನದು. ಆದರೆ ಐದು ವರ್ಷದಿಂದ ಕ್ಲಬ್ಬಿನ ಹಲಗೆಯ ಮೇಲೆ ಮೊದಲ ಸಾಲು ಅವಳದ್ದೇ ಇತ್ತು: ಐವತ್ತೆಂಟು ಪಾಯಿಂಟ್ ನಾಲ್ಕು ಸೆಕೆಂಡು. ತಮ್ಮ ಐವತ್ತೊಂಬತ್ತು ಪಾಯಿಂಟ್ ಒಂಬತ್ತಕ್ಕಿಂತ ಕೆಳಗೆ ಇಳಿದವನಲ್ಲ. ನಗುನಗುತ್ತಲೇ "ಮುಂದಿನ ತಿಂಗಳು ನೋಡು" ಎನ್ನುತ್ತಿದ್ದ. ಆ ನಗೆಯ ಅಡಿಯಲ್ಲಿ ಏನು ಕುದಿಯುತ್ತಿತ್ತು ಎಂಬುದು ಅವಳಿಗೆ ಕಾಣಲಿಲ್ಲ. ಕಬ್ಬಿಣದ ಒಳಗಿನ ಬಿರುಕು ಕಂಡುಹಿಡಿಯುತ್ತಿದ್ದವಳಿಗೆ ತಮ್ಮನ ಮುಖದ್ದು ಕಾಣಲಿಲ್ಲ.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಲಿಫ್ಟಿನ ಗುಂಡಿಗೆ ಇಳಿಯುವಾಗ ಏಣಿಯ ಮೆಟ್ಟಿಲು ಜಾರಿ ಅವಳ ಬಲಗೈ ಮಣಿಕಟ್ಟು ಮುರಿಯಿತು. ಎಂಟು ವಾರ ಪ್ಲಾಸ್ಟರು. "ನನ್ನ ಕೈಯೇ ನನಗೆ ಕೈ ಕೊಡ್ತು" ಎಂದು ಸಿಡಿಮಿಡಿಗುಟ್ಟುತ್ತ ಮನೆಯಲ್ಲಿ ಕುಳಿತಳು. ಗಾಡಿಯ ಟೈಮಿಂಗ್ ಬೆಲ್ಟು ಬದಲಾಯಿಸುವ ಅವಧಿ ಆಗಿತ್ತು. ಎಡಗೈಯೊಂದರಲ್ಲಿ ಆಗುವ ಕೆಲಸವಲ್ಲ.

ತಮ್ಮ ಬಂದ. "ನಾನು ಡಾಕ್ಟ್ರ ಹತ್ರ ಬಿಟ್ಟು ಮಾಡಿಸ್ಕೊಂಡು ಬರ್ತೀನಿ. ನೀನು ಆರಾಮಾಗಿರು."

ಡಾಕ್ಟ್ರು ಎಂದರೆ ಕ್ಲಬ್ಬಿನವರೆಲ್ಲ ಗಾಡಿ ಬಿಡುವ ಗ್ಯಾರೇಜಿನವನು. ಬಿಳಿಯ ಕೋಟು ಹಾಕಿಕೊಂಡು ಎಂಜಿನ್ನಿಗೆ ಸ್ಟೆತಸ್ಕೋಪ್ ಇಡುತ್ತಿದ್ದರಿಂದ ಆ ಹೆಸರು. "ನಾನು ದಿನಾ ನಿಜವಾದ ಡಾಕ್ಟ್ರನ್ನೇ ಮೇಲೆ ಕೆಳಗೆ ಸಾಗಿಸೋಳು, ಈ ವೇಷದವನು ಯಾಕೆ" ಎಂದು ಅವಳು ಗೊಣಗಿದಳಾದರೂ ಒಪ್ಪಿದಳು. ತಮ್ಮ ಇಷ್ಟು ಕಾಳಜಿ ತೋರಿಸಿದನಲ್ಲ ಎಂದು ಒಳಗೊಳಗೇ ಕರಗಿದ್ದಳು ಕೂಡ.

ಆ ತಿಂಗಳ ಭಾನುವಾರ ಅವಳು ಪ್ಲಾಸ್ಟರಿನ ಕೈಯಲ್ಲೇ ಮೈದಾನಕ್ಕೆ ಹೋಗಿ ಗಡಿಯಾರ ಹಿಡಿಯುವವರ ಪಕ್ಕ ನಿಂತಳು. ತಮ್ಮನ ಗಾಡಿ ಹೊರಟಿತು. ಮೊದಲ ತಿರುವಿನಿಂದ ಅದು ಹೊರಬಂದ ರೀತಿ ನೋಡಿ, ಇವನು ಕಲಿತುಬಿಟ್ಟನಲ್ಲ ಎಂದುಕೊಂಡಳು. ಐವತ್ತೇಳು ಪಾಯಿಂಟ್ ಆರು. ಎರಡು ಕೈ ಸೇರಿಸಿ ಚಪ್ಪಾಳೆ ತಟ್ಟಲು ಆಗದ್ದಕ್ಕೆ ಎಡಗೈಯಿಂದ ತೊಡೆ ತಟ್ಟಿದಳು. ಹತ್ತಿರ ಹೋಗಿ ಅವನ ಬೆನ್ನು ಚಪ್ಪರಿಸಿ, "ಕೊನೆಗೂ ಕಾಲಲ್ಲಿ ಬುದ್ಧಿ ಬಂತು" ಎಂದಳು. ಅವನು ಹೆಲ್ಮೆಟ್ಟು ತೆಗೆಯುವುದರಲ್ಲಿ ತುಂಬ ಹೊತ್ತು ಕಳೆದ.

ಪ್ಲಾಸ್ಟರು ಬಿಚ್ಚಿ ಎರಡು ವಾರದ ಮೇಲೆ ಅವಳು ಗಾಡಿ ತೆಗೆದಳು. ಬೆಳಗಿನ ತುಂತುರಿಗೆ ರಸ್ತೆ ಒದ್ದೆಯಾಗಿತ್ತು. ಆಸ್ಪತ್ರೆಯ ಹತ್ತಿರದ ವೃತ್ತದಲ್ಲಿ ತಿರುಗಿಸುತ್ತ ಆಕ್ಸಿಲರೇಟರ್ ಒತ್ತಿದಾಗ ಒಳಗಡೆಯ ಹಿಂಚಕ್ರ ಬುರ್ರನೆ ಸುಮ್ಮನೆ ಸುತ್ತಿತು. ಗಾಡಿ ಮುಂದೆ ಹೋಗಲಿಲ್ಲ. ಅದೇ ವೃತ್ತವನ್ನು ನಾಲ್ಕು ಸಲ ಸುತ್ತಿದಳು. ನಾಲ್ಕು ಸಲವೂ ಅದೇ.

ಸಂಜೆಯೇ ಡಾಕ್ಟ್ರ ಗ್ಯಾರೇಜಿಗೆ ಹೋದಳು. ಅವನು ಸ್ಟೆತಸ್ಕೋಪ್ ಕೊರಳಿಗೆ ಹಾಕಿಕೊಂಡು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನೂ ಆಗಿಲ್ಲ ಮೇಡಂ. ಹತ್ತು ವಾರ ಓಡಿಸಿಲ್ಲ ನೀವು. ಕೈ ಬೇರೆ ನೋವು. ಹಾಗನ್ಸುತ್ತೆ."

"ನನ್ನ ಕೈಯಲ್ಲಿ ಚಕ್ರ ಸುತ್ತಲ್ಲ. ಡಿಫ್ ಕೆಲಸ ಮಾಡ್ತಿಲ್ಲ."

ಅವನು ಅವಳನ್ನು ಬಿಟ್ಟು, ಆಯಿಲ್ ಬದಲಾಯಿಸಲು ಬಂದು ನಿಂತಿದ್ದ ಯಾರೋ ಗಿರಾಕಿಯ ಕಡೆ ತಿರುಗಿ ನಕ್ಕ. "ನೋಡಿ ಸಾರ್, ಟೈರು ಹಳೇದಾದ್ರೂ ಡಿಫ್ ಅಂತಾರೆ."

ಕ್ಲಬ್ಬಿನ ಫೋನ್ ಗುಂಪಿನಲ್ಲಿ ಕೇಳಿದಳು. ಒಬ್ಬರು ಟೈರು ಎಂದರು, ಒಬ್ಬರು ಗಾಳಿಯ ಒತ್ತಡ ಎಂದರು. ಟರ್ಬೊದವರು, "ವಯಸ್ಸಾಯ್ತಲ್ಲ, ಗಾಡಿಗೆ" ಎಂದು ಬರೆದು ನಗುವ ಮುಖ ಹಾಕಿದರು. ತಮ್ಮ ಏನೂ ಬರೆಯಲಿಲ್ಲ. ಅವಳು ಹಲ್ಲು ಕಡಿದು ಫೋನನ್ನು ಸೋಫಾದ ಮೇಲೆ ಎಸೆದಳು.

ಶನಿವಾರ ಬೆಳಿಗ್ಗೆ ಗಾಡಿಯ ಹಿಂಭಾಗವನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸಿದಳು. ಗೇರು ನ್ಯೂಟ್ರಲ್ಲಿಗೆ ಹಾಕಿದಳು. ಎಡಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದಳು. ಅವಳು ಹಾಕಿದ್ದ ಡಿಫರೆನ್ಷಿಯಲ್ ಆಗಿದ್ದರೆ ಬಲಚಕ್ರವೂ ಜೊತೆಗೆ ಮುಂದಕ್ಕೇ ತಿರುಗಬೇಕು. ಅದು ಹಿಂದಕ್ಕೆ ತಿರುಗಿತು. ಮತ್ತೆ ತಿರುಗಿಸಿದಳು. ಮತ್ತೆ ಹಿಂದಕ್ಕೇ. ಅವಳು ರಟ್ಟು ಹಾಸಿಕೊಂಡು ಕೆಳಗೆ ನುಸುಳಿ ಟಾರ್ಚು ಬಿಟ್ಟಳು. ನಟ್ಟುಗಳು ಹೊಳೆಯುತ್ತಿದ್ದವು. ಒಂದರ ಮೇಲೂ ಹಳದಿ ಗೆರೆ ಇರಲಿಲ್ಲ.

ಅಲ್ಲೇ ಅಂಗಾತ ಮಲಗಿ ಸ್ವಲ್ಪ ಹೊತ್ತು ಆ ಬೋಳು ನಟ್ಟುಗಳನ್ನು ನೋಡುತ್ತಿದ್ದಳು. ಆಮೇಲೆ ಎದ್ದು, ಕೈ ಕೂಡ ತೊಳೆಯದೆ, ಬಸ್ಸು ಹತ್ತಿ ಗ್ಯಾರೇಜಿಗೆ ಹೋದಳು.

"ನನ್ನ ಡಿಫ್ ಎಲ್ಲಿ?"

ಡಾಕ್ಟ್ರು ಸ್ಟೆತಸ್ಕೋಪನ್ನು ಕೊರಳಿನಿಂದ ತೆಗೆದ. "ಮೇಡಂ, ಅದು... ನಿಮ್ಮ ತಮ್ಮನವರೇ ಹೇಳಿದ್ದು. ಅವರ ಗಾಡಿಗೆ ಹಾಕಿ, ಅವರದ್ದು ನಿಮ್ಮ ಗಾಡಿಗೆ ಹಾಕಿ ಅಂತ. ಅಕ್ಕನೇ ಕೊಟ್ಟಿದ್ದಾಳೆ ಅಂದ್ರು."

"ಹಾಗಾದ್ರೆ ನಾನು ಮೊನ್ನೆ ಬಂದು ಕೇಳಿದಾಗ ಯಾಕೆ ಹೇಳ್ಲಿಲ್ಲ?"

ಅವನು ಕೋಟಿನ ಗುಂಡಿ ಹಾಕಿಕೊಂಡ.

"ಹೇಳಿ. ನಾನೇ ಕೊಟ್ಟಿದ್ರೆ ನನಗೆ ಗೊತ್ತಿರ್ಬೇಕಲ್ಲ? ಕೈ ನೋವಿಗೆ ಹಾಗನ್ಸುತ್ತೆ ಅಂದ್ರಿ. ಟೈರು ಅಂದ್ರಿ. ಆ ಸಾರ್ ಮುಂದೆ ನಕ್ರಿ. ಗೊತ್ತಿದ್ದೂ ನಕ್ರಿ."

"ಮನೆಯವರ ಮಧ್ಯೆ ನಾವ್ಯಾಕೆ ಅಂತ..."

"ಮನೆಯವರ ಮಧ್ಯೆ ನೀವು ಸ್ಪ್ಯಾನರ್ ಹಿಡ್ಕೊಂಡು ಮಲಗಿದ್ರಲ್ಲ" ಎಂದಳು ಅವಳು. ದನಿ ಏರಿಸಿರಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ಬಲ್ಲವರಿದ್ದಿದ್ದರೆ ಆ ದನಿ ಕೇಳಿ ದೂರ ಸರಿಯುತ್ತಿದ್ದರು.

ಮರುದಿನ ಭಾನುವಾರ ಅಮ್ಮನ ಮನೆಯಲ್ಲಿ ಊಟ. ಅಮ್ಮ ಬಡಿಸುತ್ತಿದ್ದಳು. ತಮ್ಮ, ಅವನ ಹೆಂಡತಿ ಇಬ್ಬರೂ ಬಂದಿದ್ದರು. ತಮ್ಮನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವ ಕೆಲಸದವಳು, ಮಾತು ಕಡಿಮೆ. ಲಿಫ್ಟಮ್ಮ ಕುರ್ಚಿ ಎಳೆಯಲಿಲ್ಲ.

"ನನ್ನ ಗಾಡಿಯಿಂದ ಏನು ತಗೊಂಡಿದೀಯ, ಅಮ್ಮನ ಮುಂದೆ ಹೇಳು."

ತಮ್ಮನ ಮುಖ ಸುಣ್ಣವಾಯಿತು. ಆಮೇಲೆ ಅದು ನಗಲು ಪ್ರಯತ್ನಿಸಿತು. "ಅಯ್ಯೋ, ಅದಾ. ಹೇಳ್ಬೇಕು ಅಂತಿದ್ದೆ ಅಕ್ಕ. ನೀನು ಕೈ ಮುರ್ಕೊಂಡು ಕೂತಿದ್ದೆ, ಸುಮ್ನೆ ನಿಂತಿತ್ತು ಗಾಡಿ. ಒಂದು ಸಲ ಹಾಕಿ ನೋಡೋಣ ಅಂತ."

"ನೋಡಿದ ಮೇಲೆ ವಾಪಸ್ ಹಾಕ್ಲಿಲ್ಲ."

"ಈ ಕೈಯಲ್ಲಿ ನೀನಿನ್ನು ಆ ಥರ ಓಡಿಸ್ತೀಯಾ? ಕೆಲಸಕ್ಕೆ ಹೋಗಿ ಬರೋಕೆ ಆ ಡಿಫ್ ಯಾಕೆ ನಿನಗೆ?"

"ನಾನು ಚಪ್ಪಾಳೆ ಹೊಡ್ದೆ ಕಣೋ" ಎಂದಳು ಅವಳು. "ಒಂದು ಕೈಯಲ್ಲಿ ಹೊಡ್ದೆ. ನಿನ್ನ ಬೆನ್ನು ತಟ್ಟಿದೆ. ಆಗ ಹೇಳ್ಬೋದಿತ್ತು."

ಅವನು ತಟ್ಟೆ ನೋಡಿದ. ಅಮ್ಮ ಸೌಟು ಹಿಡಿದೇ ನಡುವೆ ಬಂದಳು. "ಒಂದು ಕಬ್ಬಿಣದ ತುಂಡಿಗೆ ಇಷ್ಟು ರಂಪನಾ? ಹೊರಗಿನವರಿಗೆ ಹೋಗಿಲ್ವಲ್ಲ, ನಿನ್ನ ತಮ್ಮನಿಗೆ ತಾನೇ. ಕೇಳಿದ್ರೆ ನೀನು ಕೊಡ್ತಿರ್ಲಿಲ್ವಾ?"

"ಕೇಳಿದ್ರೆ ತಾನೇ ಗೊತ್ತಾಗೋದು" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು. ದಾರಿಯುದ್ದಕ್ಕೂ ಅಮ್ಮನ ಪ್ರಶ್ನೆ ತಲೆ ತಿಂದಿತು. ಕೇಳಿದ್ದರೆ ಕೊಡುತ್ತಿದ್ದಳೇ? ಇಲ್ಲ. ಪ್ರಾಣ ಹೋದರೂ ಕೊಡುತ್ತಿರಲಿಲ್ಲ. ಅದು ತಮ್ಮನಿಗೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ತಾನು ಕೊಡುತ್ತಿರಲಿಲ್ಲ ಎಂಬ ಈ ಸತ್ಯ ಅವಳ ಕೋಪವನ್ನು ಕಡಿಮೆ ಮಾಡಲಿಲ್ಲ, ದುಪ್ಪಟ್ಟು ಮಾಡಿತು. ಕೊಡದಿರುವುದು ಅವಳ ಹಕ್ಕಾಗಿತ್ತು. ಅವನು ಅದನ್ನೂ ಕದ್ದಿದ್ದ.

ಮುಂದಿನ ಎರಡು ದಿನ ಸಂಜೆ ಅವಳು ತನ್ನ ಗಾಡಿಯಡಿ ಮಲಗಿ ತಮ್ಮನ ಡಿಫರೆನ್ಷಿಯಲ್ಲನ್ನು ಬಿಚ್ಚಿ ಇಳಿಸಿದಳು. ಮಣಿಕಟ್ಟು ಜುಮ್ಮೆನ್ನುತ್ತಿತ್ತು. ಬುಧವಾರ ರಜೆ ಹಾಕಿ, ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಉಪಕರಣದ ಪೆಟ್ಟಿಗೆಯ ಜೊತೆ ಟ್ಯಾಕ್ಸಿಯಲ್ಲಿ ಇಟ್ಟುಕೊಂಡು ತಮ್ಮನ ಮನೆಗೆ ಹೊರಟಳು. ಎತ್ತಲು ಕೈ ಹಚ್ಚಿದ ಚಾಲಕ ಭಾರಕ್ಕೆ ಬಾಗಿ, "ಏನಮ್ಮಾ ಇದು?" ಎಂದ.

"ನನ್ನ ತಮ್ಮನ ಬುದ್ಧಿ" ಎಂದಳು.

ತಮ್ಮ ಆಫೀಸಿಗೆ ಹೋಗಿದ್ದ, ಬಸ್ಸಿನಲ್ಲಿ. ಸ್ಪೋರ್ಟ್ಸ್ ಗಾಡಿಯನ್ನು ಅವನು ವಾರದ ದಿನಗಳಲ್ಲಿ ತೆಗೆಯುತ್ತಿರಲಿಲ್ಲ. ಬಾಗಿಲು ತೆರೆದ ಅವನ ಹೆಂಡತಿ ಬೆಡ್‌ಶೀಟಿನ ಗಂಟು ನೋಡಿದಳು, ಗಂಡನ ಅಕ್ಕನ ಮುಖ ನೋಡಿದಳು, ಗ್ಯಾರೇಜಿನ ಬೀಗದ ಕೈ ತಂದಳು.

"ಅಕ್ಕ, ಇದನ್ನ ನೀವೇ ಉಡುಗೊರೆ ಕೊಟ್ರಿ ಅಂತ ಇವರು ನನಗೆ ಹೇಳಿದ್ರು. ಓಟದ ದಿನ ಮೈದಾನದಲ್ಲಿ ನಾನು ನಿಮಗೆ ಥ್ಯಾಂಕ್ಸ್ ಹೇಳೋಕೆ ಬಂದೆ, ಇವರು ನನ್ನ ಕೈ ಹಿಡಿದು ಪಕ್ಕಕ್ಕೆ ಎಳ್ಕೊಂಡು ಹೋದ್ರು. ಆಗ್ಲೇ ಏನೋ ಅನ್ನಿಸ್ತು."

"ಅನ್ನಿಸಿದ್ದನ್ನ ಹೇಳ್ಬೇಕಿತ್ತು" ಎಂದಳು ಲಿಫ್ಟಮ್ಮ. ಅವಳ ಸಿಟ್ಟು ಆ ಹೊತ್ತಿನಲ್ಲಿ ಯಾರನ್ನೂ ಬಿಡುವಂತಿರಲಿಲ್ಲ.

"ಹೌದು, ಹೇಳ್ಬೇಕಿತ್ತು" ಎಂದಳು ಅವಳು ಸಮಾಧಾನವಾಗಿ. "ನಾನೇನು ಹಿಡ್ಕೊಳ್ಲಿ, ಹೇಳಿ."

ಇಬ್ಬರೂ ಒಂಬತ್ತಕ್ಕೆ ಶುರು ಮಾಡಿದರು. ಗಾಡಿ ಎತ್ತಿ ಕಬ್ಬಿಣದ ನಾಲ್ಕು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿದ್ದಾಯಿತು. ಕೆಳಗೆ ನುಸುಳಿದ ಲಿಫ್ಟಮ್ಮ ಟಾರ್ಚು ಬಿಟ್ಟಳು. ಅವಳದೇ ಗುಂಡು, ತಾನು ಉಜ್ಜಿ ಬಣ್ಣ ಹಚ್ಚಿದ್ದ ಅದೇ ಹೊದಿಕೆ. ಅದರ ಮುಚ್ಚಳದ ನಟ್ಟುಗಳ ಮೇಲೆ ಹಳದಿ ಗೆರೆಗಳು ಸಾಲಾಗಿ ಹಾಗೇ ಇದ್ದವು. ಡಾಕ್ಟ್ರು ಮುಚ್ಚಳ ಬಿಚ್ಚಿರಲಿಲ್ಲ, ಇಡಿಯಾಗಿ ಎತ್ತಿ ಇಟ್ಟಿದ್ದ. ಕಂಡದ್ದೇ ಅವಳ ಕಣ್ಣು ತುಂಬಿ ಬಂತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಗೇರ್ ಆಯಿಲ್ ಇಳಿಸಿದಾಗ ಕೊಳೆತ ಮೊಟ್ಟೆಯಂಥ ವಾಸನೆ ಗ್ಯಾರೇಜು ತುಂಬಿತು. ತಮ್ಮನ ಹೆಂಡತಿ ಮೂಗಿಗೆ ಸೆರಗು ಒತ್ತಿಕೊಂಡು, "ಇದಕ್ಕೋಸ್ಕರ ಅಕ್ಕ ತಮ್ಮ ಹೊಡೆದಾಡೋದಾ" ಎಂದಳು. ಆದರೆ ಕೈ ಬಿಡಲಿಲ್ಲ. ಕನ್ನಡಕದ ಸಣ್ಣ ತಿರುಪುಗಳ ಜೊತೆ ಬದುಕುವವಳು, ಬಿಚ್ಚಿದ ಪ್ರತಿ ಬೋಲ್ಟನ್ನೂ ಯಾವ ತೂತಿನದೋ ಅದೇ ಕ್ರಮದಲ್ಲಿ ರಟ್ಟಿಗೆ ಚುಚ್ಚಿಟ್ಟಳು. ಎರಡು ಗಂಟೆಯ ಹೊತ್ತಿಗೆ ಗುಂಡು ಜಾಕಿನ ಮೇಲೆ ಮೆಲ್ಲಗೆ ಇಳಿಯಿತು. ಲಿಫ್ಟಮ್ಮ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿದಳು. ತಮ್ಮನದನ್ನು ಗಾಡಿಯ ಕೆಳಗೆ, ನೆಲದ ಮೇಲೆ, ದಿನಪತ್ರಿಕೆ ಹಾಸಿ ಇಟ್ಟಳು. ಹಾಕಿಕೊಡಲಿಲ್ಲ.

ಸಂಜೆ ಅವನ ಫೋನು ಬಂತು. "ಏನು ಮಾಡಿದೀಯ ನೀನು? ನನ್ನ ಗಾಡಿ ಕಂಬದ ಮೇಲೆ ನಿಂತಿದೆ."

"ನಿಂದು ನಿನ್ನ ಹತ್ರ ಇದೆ, ನಂದು ನನ್ನ ಹತ್ರ ಇದೆ. ಹಾಕೋಕೆ ಡಾಕ್ಟ್ರನ್ನ ಕರಿ. ಕೈ ನೋವಿದ್ರೆ ಸ್ಟೆತಸ್ಕೋಪ್ ಇಟ್ಟು ನೋಡ್ತಾನೆ."

ಕ್ಲಬ್ಬಿನ ಅಧ್ಯಕ್ಷರು ಔಷಧಿ ಅಂಗಡಿಯವರು, ಯಾರಿಗೂ ಬೇಜಾರು ಮಾಡದ ಮನುಷ್ಯ. ಐವತ್ತೇಳು ಪಾಯಿಂಟ್ ಆರನ್ನು ಹಲಗೆಯಿಂದ ಅಳಿಸಿ ಎಂದು ಅವಳು ಅವರನ್ನು ಕೇಳಿದಳು. ಅವರು, "ನಿಮ್ಮ ಮನೆ ವಿಚಾರ ಮೇಡಂ, ನಾವು ಮಧ್ಯ ಬರೋದು ಸರಿಯಲ್ಲ. ಗಾಡಿ ಓಡಿದ್ದು ನಿಜ ತಾನೇ" ಎಂದರು. ತಿಂಗಳಾದ ಮೇಲೆ ಅವಳು ತನ್ನ ಡಿಫರೆನ್ಷಿಯಲ್ ಕೂರಿಸಿಕೊಂಡು ಮೈದಾನಕ್ಕೆ ಹೋದಳು. ಮಣಿಕಟ್ಟು ಇನ್ನೂ ಪೂರ್ತಿ ಬಗ್ಗುತ್ತಿರಲಿಲ್ಲ. ಮೂರು ಸಲ ಓಡಿಸಿದಳು. ಐವತ್ತೆಂಟು ಪಾಯಿಂಟ್ ಒಂಬತ್ತಕ್ಕಿಂತ ಕೆಳಗೆ ಬರಲಾಗಲಿಲ್ಲ. ತಮ್ಮ ಬಂದಿರಲಿಲ್ಲ. ಅವನ ಸಾಲು ಮಾತ್ರ ಮೇಲೆಯೇ ಇತ್ತು, ಈಗಲೂ ಇದೆ. ಹೆಲ್ಮೆಟ್ಟು ಸೀಟಿನ ಮೇಲೆ ಎಸೆದು ಹೊರಟವಳು ಮತ್ತೆ ಆ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ.

ಅಕ್ಕ ತಮ್ಮ ಒಂದು ವರ್ಷ ಮಾತು ಬಿಟ್ಟರು. ಅಮ್ಮ ಒಂದು ಭಾನುವಾರ ಇವಳನ್ನು, ಇನ್ನೊಂದು ಭಾನುವಾರ ಅವನನ್ನು ಊಟಕ್ಕೆ ಕರೆದು, ಇಬ್ಬರಿಗೂ ಅದೇ ಬುದ್ಧಿಮಾತು ಎರಡೆರಡು ಸಲ ಹೇಳಿ ದಣಿದಳು. ಮಗಳ ಹತ್ತಿರ ಮಾತ್ರ ಒಮ್ಮೆ, ಪಾತ್ರೆ ಒರೆಸುತ್ತ, "ಕಬ್ಬಿಣದ ತುಂಡು ಅಂದಿದ್ದು ನನ್ನ ತಪ್ಪು ಕಣೇ" ಎಂದಳು. ಲಿಫ್ಟಮ್ಮ ಇನ್ನೊಂದು ಪಾತ್ರೆ ತೊಳೆದು ಕೈಗಿತ್ತಳು.

ತಮ್ಮನಿಗೆ ಆಮೇಲೆ ಗಾಡಿಯ ಮೇಲಿನ ಆಸೆಯೇ ಹೋಯಿತಂತೆ. ಡಾಕ್ಟ್ರನ್ನು ಮನೆಗೆ ಕರೆಸಿ ಹಳೆಯದನ್ನು ಹಾಕಿಸಿ ನಿಲ್ಲಿಸಿಬಿಟ್ಟ. ಅವನ ಹೆಂಡತಿ ಅದನ್ನು ಕೆಲಸಕ್ಕೆ ಒಯ್ಯತೊಡಗಿದಳು. ಏನಾದರೂ ಸದ್ದು ಬಂದರೆ ಫೋನು ಮಾಡುವುದು ಲಿಫ್ಟಮ್ಮನಿಗೆ. ಹಾಗೇ ಒಂದು ಮಧ್ಯಾಹ್ನ ಫೋನು ಬಂತು. ಅಂಗಡಿಯ ಹಿಂದೆ ಗಾಡಿ ನಿಂತಿದೆ, ಕ್ಲಚ್ ಪೆಡಲ್ ನೆಲಕ್ಕೆ ಅಂಟಿಕೊಂಡಿದೆ.

ಲಿಫ್ಟಮ್ಮ ಹೊಸ ಕ್ಲಚ್ ಸಿಲಿಂಡರ್ ಒಂದನ್ನು ಕೊಂಡು ಹೋದಳು. ಅಂಗಡಿಯ ಹಿಂದೆ ತಮ್ಮನೂ ನಿಂತಿದ್ದ, ಟೈ ಕಟ್ಟಿಕೊಂಡು, ಕೈಕಟ್ಟಿಕೊಂಡು. ಅವನ ಹೆಂಡತಿ ಇಬ್ಬರಿಗೂ ಫೋನು ಮಾಡಿದ್ದಳು. ಈಗ ಗಿರಾಕಿ ಬಂದಿದ್ದಾರೆಂದು ಒಳಗೆ ಹೋಗಿ ಕುಳಿತಿದ್ದಳು.

ಅವಳು ಅವನ ಕಡೆ ನೋಡದೆ ಗಾಡಿ ಎತ್ತಿ, ಕಂಬ ಕೊಟ್ಟು, ಕೆಳಗೆ ಮಲಗಿ, ಹಳೆಯ ಸಿಲಿಂಡರ್ ಬಿಚ್ಚಿ ಹೊಸದು ಹಾಕಿದಳು. ಇನ್ನು ಕ್ಲಚ್ಚಿನ ಎಣ್ಣೆ ಹರಿಯುವ ಕೊಳವೆಯೊಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಮೇಲೆ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗೆ ಇನ್ನೊಬ್ಬರು ತಿರುಪು ಸಡಿಲಿಸಿ ಗಾಳಿ ಬಿಟ್ಟು ಬಿಗಿ ಮಾಡಬೇಕು. ಆಮೇಲೇ ಪೆಡಲ್ ಬಿಡಬೇಕು. ನಡುವೆ ಬಿಟ್ಟರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ.

"ಹತ್ತಿ ಕೂತ್ಕೊ" ಎಂದಳು ಕೆಳಗಿನಿಂದ. ವರ್ಷದ ಮೇಲೆ ಅವನಿಗೆ ಆಡಿದ ಮೊದಲ ಮಾತು ಅದು. ಅವನು ಕುಳಿತ.

"ಒತ್ತು."

ಒತ್ತಿದ. ಅವಳು ತಿರುಪು ಸಡಿಲಿಸಿದಳು. ಗುಳ್ಳೆಗಳು ಪುಸುಗುಟ್ಟಿದವು. ಬಿಗಿ ಮಾಡಿದಳು.

"ಬಿಡು. ಮತ್ತೆ ಒತ್ತು."

"ಅಕ್ಕ" ಎಂದ ಅವನು ಮೇಲಿನಿಂದ. "ಅವತ್ತು ನಾನು..."

ಪೆಡಲ್ ಸ್ವಲ್ಪ ಮೇಲೆದ್ದದ್ದು ಅವಳಿಗೆ ಕೊಳವೆಯಲ್ಲಿ ಗೊತ್ತಾಯಿತು.

"ಕಾಲು ಎತ್ತಬೇಡ. ಒತ್ತಿ ಹಿಡ್ಕೊಂಡೇ ಹೇಳು."

ಅವನು ಒತ್ತಿ ಹಿಡಿದ. ಬಿಸಿಲಿಗೆ ತಗಡು ಸುಡುತ್ತಿತ್ತು. ಅಂಗಡಿಯೊಳಗೆ ಗಾಜು ಅರೆಯುವ ಯಂತ್ರದ ಸದ್ದು ನಿಂತಿತು. "ತಪ್ಪು ಮಾಡಿದೆ" ಎಂದ ಅವನು. "ನಿನ್ನನ್ನ ಒಂದು ಸಲ ಸೋಲಿಸ್ಬೇಕಿತ್ತು ಅಷ್ಟೇ. ಸೋಲಿಸಿದ್ದು ನಾನಲ್ಲ ಅಂತ ಆವತ್ತೇ ಗೊತ್ತಿತ್ತು. ನೀನು ಬೆನ್ನು ತಟ್ಟಿದಾಗ ಹೆಲ್ಮೆಟ್ ತೆಗೆಯೋಕೆ ಧೈರ್ಯ ಬರ್ಲಿಲ್ಲ."

ಅವಳು ಕೆಳಗೆ ಸ್ಪ್ಯಾನರನ್ನು ಚಿಂದಿಬಟ್ಟೆಯಿಂದ ನಿಧಾನವಾಗಿ ಒರೆಸಿದಳು.

"ಅಕ್ಕ, ಕಾಲು ನಡುಗ್ತಿದೆ."

"ನಡುಗ್ಲಿ" ಎಂದಳು ಲಿಫ್ಟಮ್ಮ. ತಿರುಪು ಸಡಿಲಿಸಿದಳು, ಬಿಗಿ ಮಾಡಿದಳು. "ಈಗ ಬಿಡು. ಮತ್ತೆ ಒತ್ತು."

ಅಂದು ಅವನಿಂದ ಒಟ್ಟು ಹದಿನೇಳು ಸಲ ಪೆಡಲ್ ಒತ್ತಿಸಿದಳು. ಅದರಲ್ಲಿ ಆರು ಸಲ ಬೇಕಾಗಿರಲೇ ಇಲ್ಲ.